ಅರವತ್ತು ನಿಮಿಷ, ಮೂವತ್ತು ವೃತ್ತ: ಬೀದಿ ಓರಿಯೆಂಟಿಯರಿಂಗ್ ಗೆಲ್ಲುವ ಸೂತ್ರಗಳು

ಸೀಟಿ ಊದಿದ ಕೂಡಲೇ ಕೈಗೊಂದು ನಕ್ಷೆ ಬರುತ್ತದೆ. ಅದರ ಮೇಲೆ ಮೂವತ್ತು ಸಣ್ಣ ವೃತ್ತಗಳು. ಒಂದೊಂದು ವೃತ್ತವೂ ಊರೊಳಗಿನ ಒಂದು ಜಾಗ: ದೀಪದ ಕಂಬ, ಗುಡಿಯ ಕಟ್ಟೆ, ಶಾಲೆಯ ಗೇಟು. ಇವಕ್ಕೆ ಕಂಟ್ರೋಲ್ ಎನ್ನುತ್ತಾರೆ. ಕೆಲವಕ್ಕೆ 10 ಅಂಕ, ಕೆಲವಕ್ಕೆ 20, ದೂರದವಕ್ಕೆ 30. ಯಾವುದನ್ನು ಮೊದಲು ಮುಟ್ಟಬೇಕು, ಯಾವುದನ್ನು ಬಿಡಬೇಕು ಎಂಬುದು ಓಡುವವರ ಇಷ್ಟ. 60 ನಿಮಿಷದೊಳಗೆ ವಾಪಸು ಬರಬೇಕು. ತಡವಾದರೆ ಅಂಕ ಕಡಿತ. ಇದೇ ಓರಿಯೆಂಟಿಯರಿಂಗ್‌ನ ಸ್ಕೋರ್ ಸ್ಪರ್ಧೆ.

ಓರಿಯೆಂಟಿಯರಿಂಗ್ ಎಂದರೆ ನಕ್ಷೆ ಹಿಡಿದು ದಾರಿ ಹುಡುಕುತ್ತ ಓಡುವ, ಸ್ಕ್ಯಾಂಡಿನೇವಿಯಾದ ಕಾಡಿನಲ್ಲಿ ಬೆಳೆದ ಆಟ. ಸ್ವೀಡನ್ನಿನ ಸೇನಾಧಿಕಾರಿ ಅರ್ನ್‌ಸ್ಟ್ ಕಿಲಾಂಡರ್ 1919ರಲ್ಲಿ ಸ್ಟಾಕ್‌ಹೋಮ್ ಬಳಿ ನಡೆಸಿದ ದೊಡ್ಡ ಸ್ಪರ್ಧೆಯಿಂದ ಅದು ಜನಪ್ರಿಯವಾಯಿತು. 1961ರಲ್ಲಿ ಅಂತರರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಈಗ ಮೆಲ್ಬರ್ನ್, ಲಂಡನ್‌ಗಳಲ್ಲಿ ಜನ ಕೆಲಸ ಮುಗಿಸಿ ಸಂಜೆ ಬೀದಿಗಳಲ್ಲೇ ಇದನ್ನು ಆಡುತ್ತಾರೆ. ನಮ್ಮ ಕೊಪ್ಪಳ ಜಿಲ್ಲೆಯ ಗಂಗಾವತಿ, ಮರಳಿ, ಆನೆಗೊಂದಿ ಕಡೆಯ ನೆಲ ಈ ಆಟಕ್ಕೆ ಹೇಳಿ ಮಾಡಿಸಿದ್ದು ಎಂಬುದು ನನ್ನ ಗಟ್ಟಿ ನಂಬಿಕೆ. ಹಳೆ ಊರಿನ ಸೊಟ್ಟ ಓಣಿ, ಕಾಲುವೆ ಬಂದ ಮೇಲೆ ಎದ್ದ ಕ್ಯಾಂಪು ಊರುಗಳ ನೇರ ರಸ್ತೆ, ಕಾಲುವೆ, ಗುಂಡುಕಲ್ಲಿನ ಗುಡ್ಡ, ಎಲ್ಲವೂ ಹತ್ತಿರ ಹತ್ತಿರ ಇವೆ. ಎನ್‌ಸಿಸಿಯಲ್ಲಿ ನಕ್ಷೆ ಓದು ಕಲಿತ ಹುಡುಗ ಹುಡುಗಿಯರೂ ನಮ್ಮ ಕಾಲೇಜುಗಳಲ್ಲಿದ್ದಾರೆ. ಅವರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಸೂತ್ರಗಳನ್ನು ಬರೆಯುತ್ತಿದ್ದೇನೆ.

1. ಎಲ್ಲವನ್ನೂ ಮುಟ್ಟುವ ಆಸೆ ಬಿಡಿ. ಮೂವತ್ತನ್ನೂ ಮುಟ್ಟಲು ಆಗದಂತೆಯೇ ನಕ್ಷೆ ಹಾಕಿರುತ್ತಾರೆ. ಮೊದಲ ಎರಡು ನಿಮಿಷ ಓಡಬೇಡಿ, ನಿಂತು ನೋಡಿ. ಯಾವ ಮೂಲೆಯನ್ನು ಇಡಿಯಾಗಿ ಕೈಬಿಡಬಹುದು ಎಂದು ಮೊದಲು ತೀರ್ಮಾನಿಸಿ. ಒಂದು ಮೂಲೆ ಬಿಟ್ಟ ಕೂಡಲೇ ಉಳಿದ ದಾರಿ ತಾನಾಗಿ ಕಾಣಿಸತೊಡಗುತ್ತದೆ.

2. ನಿಮ್ಮ ದಾರದ ಉದ್ದ ತಿಳಿದಿರಲಿ. ಇಲ್ಲಿ ಸ್ವಲ್ಪ ಲೆಕ್ಕ ಬೇಕು, ಬೇಸರಪಡಬೇಡಿ. ನೀವು ಕಿಲೋಮೀಟರಿಗೆ 6 ನಿಮಿಷದಂತೆ ಓಡುತ್ತೀರಿ ಎಂದುಕೊಳ್ಳಿ. 60 ನಿಮಿಷಕ್ಕೆ 10 ಕಿ.ಮೀ. ಆಗಬೇಕು, ಆಗುವುದಿಲ್ಲ. ಇಪ್ಪತ್ತು ಕಂಟ್ರೋಲ್‌ಗಳ ಬಳಿ 15 ಸೆಕೆಂಡಿನಂತೆ ನಿಂತರೂ 5 ನಿಮಿಷ ಹೋಯಿತು. ಕೊನೆಗೆ 3 ನಿಮಿಷ ಕೈಯಲ್ಲಿರಲಿ. ಮೊದಲು ನಿಂತು ನೋಡಿದ 2 ನಿಮಿಷವನ್ನೂ ಕಳೆದರೆ ಉಳಿದ 50 ನಿಮಿಷಕ್ಕೆ ಸುಮಾರು 8.3 ಕಿ.ಮೀ. ಆದರೆ ರಸ್ತೆ ಯಾವತ್ತೂ ನೇರ ಗೆರೆಯಲ್ಲಿ ಹೋಗುವುದಿಲ್ಲ; ಕಾಲು ಭಾಗ ಹೆಚ್ಚು ಹಿಡಿಯಿರಿ. ಅಂದರೆ ನಕ್ಷೆಯ ಮೇಲೆ ವೃತ್ತದಿಂದ ವೃತ್ತಕ್ಕೆ ಎಳೆದ ನೇರ ಗೆರೆಗಳೆಲ್ಲ ಸೇರಿ ಸುಮಾರು 6.7 ಕಿ.ಮೀ. ಮೀರಬಾರದು. 1:10,000 ಅಳತೆಯ ನಕ್ಷೆಯಲ್ಲಿ 1 ಸೆಂ.ಮೀ. ಎಂದರೆ 100 ಮೀಟರ್, 6.7 ಕಿ.ಮೀ.ಗೆ 67 ಸೆಂ.ಮೀ. ದಾರ. ಅಷ್ಟುದ್ದದ ದಾರ ಕತ್ತರಿಸಿ ಮನೆಯಲ್ಲಿ ಹಳೆ ನಕ್ಷೆಗಳ ಮೇಲೆ ಇಟ್ಟು ಅಭ್ಯಾಸ ಮಾಡಿ. ಕೆಲವು ವಾರಗಳಲ್ಲಿ ದಾರ ಬೇಕಾಗುವುದಿಲ್ಲ, ಕಣ್ಣೇ ಅಳೆಯುತ್ತದೆ. ನಡೆಯುವವರಿಗೆ ದಾರ ಗಿಡ್ಡ, ಅಷ್ಟೇ, ಲೆಕ್ಕ ಇದೇ.

3. ಅಂಕಕ್ಕಿಂತ ನಿಮಿಷಕ್ಕೆಷ್ಟು ಅಂಕ ಎಂಬುದನ್ನು ನೋಡಿ. 30 ಅಂಕದ ಒಂಟಿ ಕಂಟ್ರೋಲ್‌ಗಾಗಿ 6 ನಿಮಿಷ ಬಳಸಿ ಹೋದರೆ ನಿಮಿಷಕ್ಕೆ 5 ಅಂಕ. ದಾರಿಯಲ್ಲೇ ಸಿಗುವ 10 ಅಂಕದ್ದಕ್ಕೆ ಒಂದು ನಿಮಿಷ ಹೆಚ್ಚಾದರೆ ನಿಮಿಷಕ್ಕೆ 10. ಚಿಕ್ಕದೇ ಲಾಭ. ದೂರದಲ್ಲಿ ಮೂರು ನಾಲ್ಕು ದೊಡ್ಡ ಅಂಕಗಳು ಗುಂಪಾಗಿದ್ದರೆ ಮಾತು ಬೇರೆ. ಹೋಗಿ ಬರುವ ಖರ್ಚು ಅವುಗಳಿಗೆಲ್ಲ ಹಂಚಿಹೋಗುತ್ತದೆ.

ಏರು ಇದ್ದರೆ ಇನ್ನೂ ಎಚ್ಚರ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ 1892ರಲ್ಲಿ ಬೆಟ್ಟ ನಡಿಗೆಗೆ ಕೊಟ್ಟ ಲೆಕ್ಕದ ಪ್ರಕಾರ 1 ಮೀಟರ್ ಏರುವುದು ಸುಮಾರು 8 ಮೀಟರ್ ಸಮತಟ್ಟಿಗೆ ಸಮ. ಆನೆಗೊಂದಿ ಬಳಿಯ ಅಂಜನಾದ್ರಿ ಬೆಟ್ಟಕ್ಕೆ ಸುಮಾರು 575 ಮೆಟ್ಟಿಲು. ಮೆಟ್ಟಿಲಿಗೆ 15 ಸೆಂ.ಮೀ. ಹಿಡಿದರೂ 86 ಮೀಟರ್ ಏರು, ಅಂದರೆ ಸಮತಟ್ಟಿನಲ್ಲಿ ಸುಮಾರು 690 ಮೀಟರ್ ಹೆಚ್ಚಿಗೆ ಓಡಿದಂತೆ. ಇಳಿಯುವಾಗ ಭಕ್ತರ ಸಾಲಿನ ನಡುವೆ ಓಡುವುದಂತೂ ಆಗದು, ಓಡಲೂಬಾರದು. ತುದಿಯಲ್ಲಿ 30 ಅಂಕ ಇಟ್ಟಿದ್ದರೆ ಕೈಮುಗಿದು ಮುಂದೆ ಹೋಗಿ. 80 ಇಟ್ಟಿದ್ದರೆ ಕೂತು ಲೆಕ್ಕ ಹಾಕಿ.

4. ಕಾಲುವೆ ಕಂಡರೆ ಮೊದಲು ಸೇತುವೆ ಹುಡುಕಿ. ನಮ್ಮ ಭಾಗದಲ್ಲಿ ಗೆಲುವು ಸೋಲು ತೀರ್ಮಾನವಾಗುವುದು ಬಹುಪಾಲು ಇಲ್ಲೇ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆ 227 ಕಿ.ಮೀ. ಉದ್ದ, ಕೊಪ್ಪಳ ಜಿಲ್ಲೆಯಿಂದ ರಾಯಚೂರಿನವರೆಗೆ ಹರಿಯುತ್ತದೆ. ಅದರಿಂದ ಒಡೆದ ಉಪಕಾಲುವೆಗಳು ಗದ್ದೆ ಬಯಲನ್ನೆಲ್ಲ ಸೀಳಿವೆ. ನಕ್ಷೆಯಲ್ಲಿ ಎರಡು ಕಂಟ್ರೋಲ್‌ಗಳ ನಡುವೆ 150 ಮೀಟರ್ ಕಾಣುತ್ತದೆ. ನಡುವೆ ನೀಲಿ ಗೆರೆಯಿದ್ದು, ಸೇತುವೆ ಅರ್ಧ ಕಿಲೋಮೀಟರ್ ಆಚೆಗಿದ್ದರೆ ಆ 150 ಮೀಟರ್ ಒಂದು ಕಿಲೋಮೀಟರ್ ಮೀರುತ್ತದೆ. ಗಂಗಾವತಿಗೆ 2019ರಲ್ಲಿ ರೈಲು ಬಂದ ಮೇಲೆ ಹಳಿಯೂ ಇಂಥದೇ ಗೆರೆ.

ಆದ್ದರಿಂದ ನಕ್ಷೆ ಕೈಗೆ ಬಂದೊಡನೆ ದಾಟುವ ಜಾಗಗಳಿಗೆಲ್ಲ ಪೆನ್ನಿನಿಂದ ಅಡ್ಡಗೀಟು ಹಾಕಿಕೊಳ್ಳಿ. ಕಾಲುವೆಯ ಆ ದಡವನ್ನು ಒಂದು ಸೇತುವೆಯಿಂದ ಹೊಕ್ಕು ಇನ್ನೊಂದರಿಂದ ಹೊರಬರುವಂತೆ ಯೋಜಿಸಿ. ಒಂದೇ ಸೇತುವೆಯಿದ್ದರೆ ಆಚೆ ದಡದ ಕೆಲಸವನ್ನೆಲ್ಲ ಒಂದೇ ಸಲಕ್ಕೆ ಮುಗಿಸಿ. ಆಚೆ ದಡಕ್ಕೆ ಎರಡನೇ ಸಲ ಹೋಗುವಂತಾದರೆ ಯೋಜನೆ ತಪ್ಪಿದೆ ಎಂದೇ ಅರ್ಥ. ತೂಬಿನ ಹಲಗೆಯ ಮೇಲೆ ದಾಟುವುದು, ಪೈಪಿನ ಮೇಲೆ ನಡೆಯುವುದು ಬೇಡವೇ ಬೇಡ. ನೀರು ಬಿಟ್ಟಾಗ ಮುಖ್ಯ ಕಾಲುವೆಯ ಸೆಳವು ಈಜು ಬಲ್ಲವರನ್ನೂ ಬಿಡುವುದಿಲ್ಲ. ಸ್ಪರ್ಧೆ ಏರ್ಪಡಿಸುವವರಿಗೂ ನನ್ನ ಕೋರಿಕೆ ಇದೆ: ದಂಡೆಯ ಅಂಚಿನಲ್ಲಿ ಕಂಟ್ರೋಲ್ ಇಡಲೇಬೇಡಿ.

5. ಓಣಿಗೆ ಒಂದು ಬುದ್ಧಿ, ಕ್ಯಾಂಪಿಗೆ ಇನ್ನೊಂದು. ಹಿರೇಜಂತಕಲ್, ಆನೆಗೊಂದಿಯಂಥ ಹಳೆಯ ಊರುಗಳಲ್ಲಿ ಓಣಿ ಬಾಗುತ್ತದೆ, ಕವಲೊಡೆಯುತ್ತದೆ, ಒಮ್ಮೊಮ್ಮೆ ಯಾರದೋ ಹಿತ್ತಿಲಲ್ಲಿ ಮುಗಿದುಹೋಗುತ್ತದೆ. ಅಲ್ಲಿ ಹತ್ತಿರದ ದಾರಿಗಿಂತ ಖಚಿತವಾದ ದಾರಿ ಮೇಲು. ಅಗಸಿ, ಗುಡಿ, ಮಠದಂಥ ದೊಡ್ಡ ಗುರುತು ಹಿಡಿದು ಹೋಗಿ, ಅಲ್ಲಿಂದ ಎಣಿಸಿಕೊಂಡು ತಿರುಗಿ. ಆನೆಗೊಂದಿಯಲ್ಲಿ ಗಗನ ಮಹಲು, ರಂಗನಾಥ ಗುಡಿ ಇಂಥ ಗುರುತುಗಳು. ದಾರಿ ತಪ್ಪಿದರೂ ಅಲ್ಲಿಗೆ ಬಂದು ಮತ್ತೆ ಶುರು ಮಾಡಬಹುದು.

ಕಾಲುವೆ ನೀರು ಬಂದ ಮೇಲೆ ಎದ್ದ ಕ್ಯಾಂಪುಗಳಲ್ಲಿ, ಹೊಸ ಬಡಾವಣೆಗಳಲ್ಲಿ ರಸ್ತೆಗಳು ಬಹುತೇಕ ನೇರ. ಅಂಥ ಚೌಕಳಿ ಬೀದಿಯಲ್ಲಿ ಮೂಲೆಯಿಂದ ಮೂಲೆಗೆ ಹೋಗುವಾಗ ಯಾವ ತಿರುವು ಹಿಡಿದರೂ ದೂರ ಒಂದೇ, ಹೆಚ್ಚೆಂದರೆ ನೇರ ಗೆರೆಯ 1.4 ಪಟ್ಟು. ದೂರ ಒಂದೇ ಆದ ಮೇಲೆ ಇನ್ನೊಂದು ಕಂಟ್ರೋಲನ್ನು ಮುಟ್ಟಿಕೊಂಡು ಹೋಗುವ ದಾರಿಯನ್ನೇ ಆರಿಸಿ. ಅಂಥದ್ದಿಲ್ಲದಿದ್ದರೆ ಮುಖ್ಯರಸ್ತೆಯನ್ನು ಕಡಿಮೆ ಸಲ ದಾಟುವುದನ್ನು.

6. ನಿಮ್ಮ ಗೆರೆಯನ್ನು ನೀವೇ ದಾಟಬೇಡಿ. ಯೋಜಿಸಿದ ದಾರಿ ನಕ್ಷೆಯ ಮೇಲೆ ಒಂದು ಸುತ್ತಿನಂತೆ ಕಾಣಬೇಕು. ಎಲ್ಲಾದರೂ ಎಂಟರ ಆಕಾರ ಬಂದರೆ ಎರಡು ಕಂಟ್ರೋಲ್‌ಗಳ ಸರದಿ ಬದಲಿಸಿ ನೋಡಿ, ಬಹುತೇಕ ಸಲ ದಾರಿ ಕಿರಿದಾಗುತ್ತದೆ. ಇದಕ್ಕಿಂತ ಹೆಚ್ಚಿನ ಪರಿಪೂರ್ಣತೆಗೆ ತಲೆಕೆಡಿಸಿಕೊಳ್ಳಬೇಡಿ. ಗಣಿತದಲ್ಲಿ ಈ ಆಟದ ಹೆಸರಿನದೇ ಒಂದು ಸಮಸ್ಯೆಯಿದೆ, ಓರಿಯೆಂಟಿಯರಿಂಗ್ ಪ್ರಾಬ್ಲಮ್. ಗೋಲ್ಡನ್, ಲೆವಿ, ವೋಹ್ರಾ ಎಂಬ ಮೂವರು 1987ರಲ್ಲಿ ಅದರ ಕಾಠಿಣ್ಯವನ್ನು ಸಾಧಿಸಿ ತೋರಿಸಿದರು. ಕಂಟ್ರೋಲ್‌ಗಳು ಹೆಚ್ಚಿದಂತೆ ಅತ್ಯುತ್ತಮ ದಾರಿಯನ್ನು ಬೇಗ, ಖಚಿತವಾಗಿ ಹುಡುಕುವ ಉಪಾಯ ಕಂಪ್ಯೂಟರಿಗೂ ಇನ್ನೂ ಸಿಕ್ಕಿಲ್ಲ. ಎರಡು ನಿಮಿಷದಲ್ಲಿ ನಿಮಗೆ ಹೊಳೆದ ಒಳ್ಳೆಯ ದಾರಿ ಸಾಕು.

7. ಕೊನೆಯ ಹದಿನೈದು ನಿಮಿಷವನ್ನು ಸಡಿಲವಾಗಿ ಇಟ್ಟುಕೊಳ್ಳಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಸೂತ್ರ ಇದು. ದೂರದ ಕೆಲಸ ಮೊದಲು ಮುಗಿಯಲಿ. ಮುಕ್ತಾಯದ ಸುತ್ತಮುತ್ತಲಿನ ಸಣ್ಣ ಅಂಕಗಳು ಕೊನೆಗಿರಲಿ. ಸ್ಪರ್ಧೆ ಗಂಗಾವತಿಯ ಗಾಂಧಿ ವೃತ್ತದಲ್ಲಿ ಶುರುವಾಗಿ ಅಲ್ಲೇ ಮುಗಿಯುತ್ತದೆ ಎಂದುಕೊಳ್ಳಿ. ಹೊರಡುವಾಗಲೇ ವೃತ್ತದ ಸುತ್ತಲಿನ 10 ಅಂಕಗಳನ್ನೆಲ್ಲ ಬಾಚಿಕೊಂಡರೆ ಕೊನೆಗೆ ಸಮಯ ಉಳಿದರೂ ಮುಟ್ಟಲು ಏನೂ ಇರುವುದಿಲ್ಲ. ಅವನ್ನು ಉಳಿಸಿಕೊಂಡಿದ್ದರೆ ಉಳಿದ ನಿಮಿಷಕ್ಕೆ ತಕ್ಕಂತೆ ಎರಡೋ ನಾಲ್ಕೋ ಸೇರಿಸಬಹುದು, ಬಿಡಬಹುದು.

ಜೊತೆಗೆ, ದಾರಿಯ ನಡುವೆ ಒಂದು ತೀರ್ಮಾನದ ಜಾಗವನ್ನು ಮೊದಲೇ ಗುರುತಿಸಿ. ಉದಾಹರಣೆಗೆ, ಗಂಗಾವತಿಯ ಜುಲೈನಗರಕ್ಕೆ ಬರುವಾಗ 40 ನಿಮಿಷದೊಳಗಿದ್ದರೆ ದೊಡ್ಡ ಸುತ್ತು, ಮೀರಿದ್ದರೆ ನೇರ ವಾಪಸು ಎಂದು ನಕ್ಷೆಯ ಮೇಲೇ ಬರೆದಿಡಿ. ದಣಿದ ತಲೆಗೆ ಆಸೆ ಜಾಸ್ತಿ. ಆಗ ತೀರ್ಮಾನ ಮಾಡಲು ಕೂರಬಾರದು. ನಿಮಿಷಕ್ಕೆ 10 ಅಂಕ ಕಡಿತವಿದ್ದರೆ 3 ನಿಮಿಷದ ತಡಕ್ಕೆ 30 ಅಂಕ, ಅಂದರೆ ದೂರದಲ್ಲಿ ಬೆವರು ಸುರಿಸಿ ತಂದ ಒಂದು ದೊಡ್ಡ ಕಂಟ್ರೋಲ್ ಪೂರ್ತಿ ಹೋಯಿತು. ಕಡಿತದ ನಿಯಮ ಒಂದೊಂದು ಕಡೆ ಒಂದೊಂದು ಥರ, ಹೊರಡುವ ಮೊದಲೇ ಕೇಳಿ ತಿಳಿಯಿರಿ.

8. ನೀವು ತಿರುಗಿದಾಗ ನಕ್ಷೆಯೂ ತಿರುಗಲಿ. ಎದುರಿನ ರಸ್ತೆ ನಕ್ಷೆಯಲ್ಲೂ ಎದುರಿಗೇ ಇರಬೇಕು. ಹೆಬ್ಬೆರಳು ನೀವಿರುವ ಜಾಗದ ಮೇಲಿದ್ದು, ನಿಮ್ಮ ಜೊತೆಯೇ ಸರಿಯುತ್ತಿರಲಿ. ಇಷ್ಟು ಮಾಡಿದರೆ ಊರೊಳಗೆ ದಿಕ್ಸೂಚಿ ತೆಗೆಯುವ ಪ್ರಸಂಗ ಅಪರೂಪ.

9. ಕಂಟ್ರೋಲ್ ಮುಟ್ಟುವ ಮೊದಲೇ ಮುಂದಿನದನ್ನು ಓದಿಕೊಳ್ಳಿ. ಕಂಟ್ರೋಲ್‌ನಲ್ಲಿ ಗುರುತಿನ ಬಾವುಟದ ಬದಲು ಪ್ರಶ್ನೆ ಕೊಟ್ಟಿದ್ದರೆ, ಉದಾಹರಣೆಗೆ ಕಂಬದ ಮೇಲಿನ ಸಂಖ್ಯೆ ಬರೆಯಬೇಕಿದ್ದರೆ, ಉತ್ತರವನ್ನು ಹೆಜ್ಜೆ ಹಾಕುತ್ತಲೇ ಬರೆಯಿರಿ.

10. ಹಂಗಾಮು ನೋಡಿ ದಾರಿ ಆರಿಸಿ. ಭತ್ತದ ಕೊಯ್ಲಿನ ಕಾಲದಲ್ಲಿ ನಮ್ಮ ರಸ್ತೆಗಳ ಅರ್ಧ ಭಾಗ ಒಣಹಾಕಿದ ಭತ್ತವೇ. ಅದನ್ನು ತುಳಿದು ಓಡುವ ಹಕ್ಕು ಯಾವ ಸ್ಪರ್ಧೆಗೂ ಇಲ್ಲ. ಆ ರಸ್ತೆ ಮುಚ್ಚಿದೆ ಎಂದೇ ತಿಳಿದು ಬಳಸಿ ಹೋಗಿ. ಅಕ್ಕಿ ಗಿರಣಿಗಳ ಬಳಿ ಲಾರಿ ಹಿಂದಕ್ಕೆ ತೆಗೆಯುವಾಗ ಚಾಲಕನಿಗೆ ನೀವು ಕಾಣುವುದಿಲ್ಲ, ದೂರ ನಿಲ್ಲಿ. ಸಂತೆಯ ದಿನ ಸಂತೆ ಬೀದಿಯ ಮೂಲಕ ಹಾದುಹೋಗುವ ಯೋಚನೆಯೇ ಬೇಡ, ಹಿಂದಿನ ಓಣಿ ಎರಡು ಪಟ್ಟು ದೂರವಿದ್ದರೂ ಬೇಗ ಮುಟ್ಟಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಗಿನ ಆರಕ್ಕೇ ಶುರು ಮಾಡಿ. ದಾರಿಯಲ್ಲಿ ಎಲ್ಲಿ ನೀರು ಸಿಗುತ್ತದೆ ಎಂಬುದನ್ನೂ ನಕ್ಷೆಯಲ್ಲಿ ಗುರುತು ಮಾಡಿಕೊಳ್ಳಿ.

11. ಮುಗಿದ ಮೇಲೆ ಮನೆಗೆ ಓಡಬೇಡಿ. ಓಡಿದ ದಾರಿಯನ್ನು ನಕ್ಷೆಯ ಮೇಲೆ ಕೆಂಪು ಪೆನ್ನಿನಲ್ಲಿ ಎಳೆಯಿರಿ, ನಿಮಗಿಂತ ಹೆಚ್ಚು ಅಂಕ ತಂದವರ ಗೆರೆಯನ್ನು ಪಕ್ಕದಲ್ಲಿಟ್ಟು ನೋಡಿ. ಅವರು ನಿಮಗಿಂತ ಎಷ್ಟು ವೇಗವಾಗಿ ಓಡಿದರು ಎಂದು ಕೇಳುವ ಮೊದಲು, ಅವರು ಬಿಟ್ಟ ಕಂಟ್ರೋಲ್‌ಗಳು ಯಾವುವು ಎಂದು ಕೇಳಿ.

12. ಸ್ಪರ್ಧೆ ಬರಲಿ ಎಂದು ಕಾಯಬೇಡಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನಿಮ್ಮ ಊರಿನ ನಕ್ಷೆ ಉಚಿತವಾಗಿ ಸಿಗುತ್ತದೆ. ಅದರಲ್ಲಿ ಇಲ್ಲದ ಓಣಿಗಳನ್ನು ನೀವೇ ನಡೆದು ನೋಡಿ ಸೇರಿಸಬಹುದು, ಮುಂದಿನವರಿಗೂ ಉಪಯೋಗ. ಮುದ್ರಿಸಿ, ಹತ್ತು ಕಂಬ ಗುರುತಿಸಿ, ದೂರ ನೋಡಿ ಅಂಕ ಹಂಚಿ, ಅರ್ಧ ಗಂಟೆ ಗಡುವು ಇಡಿ. ನಾಲ್ಕು ಜನ ಗೆಳೆಯರು, ಒಂದು ಗಡಿಯಾರ, ಭಾನುವಾರದ ಬೆಳಗು ಇದ್ದರೆ ಮರಳಿಯಲ್ಲೂ ಆಗುತ್ತದೆ, ಕುಷ್ಟಗಿ ಯಲಬುರ್ಗಾಗಳಲ್ಲೂ ಆಗುತ್ತದೆ. ಮೊದಲ ವಾರ ನಕ್ಷೆ ಹಾಕಿದವರು ಎರಡನೇ ವಾರ ಓಡಲಿ.