ಹಳೇ ಬ್ಲಾಕ್ ಉಳಿಸಿ, ಪಿಸ್ಟನ್ ಮೊದಲು ಕೊಳ್ಳಿ

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಮೈಸೂರು ಜಾವಾ 250 ವರ್ಷಗಟ್ಟಲೆ ಷೆಡ್ಡಿನಲ್ಲೇ ನಿಂತಿತ್ತು. ಈಗ ಇಂಜಿನ್ ಬಿಚ್ಚಿಸಿದ್ದೇನೆ. ‘ಬ್ಲಾಕ್, ಪಿಸ್ಟನ್ ಎರಡೂ ಹೊಸದು ಹಾಕಿಬಿಡೋಣ, ಕಿಟ್ ಸಿಗುತ್ತೆ’ ಎನ್ನುತ್ತಾರೆ ಮೆಕ್ಯಾನಿಕ್. ಹಳೆಯದನ್ನೇ ಬೋರ್ ಮಾಡಿಸಬಹುದೇ? ದೊಡ್ಡ ಸೈಜಿನ ಪಿಸ್ಟನ್ ಹಾಕಿಸಿದರೆ ಪಿಕಪ್ ಹೆಚ್ಚುತ್ತದೆಯೇ?
– ಓದುಗರೊಬ್ಬರು, ಹಾಸನ

ಉತ್ತರ: ಹಳೇ ಬ್ಲಾಕನ್ನು ಗುಜರಿಗೆ ಹಾಕಬೇಡಿ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಬಾಗಿಲು ಮುಚ್ಚಿತು. ಈಗ ಕಿಟ್‌ನಲ್ಲಿ ಬರುವ ಹೊಸ ಬ್ಲಾಕ್ ಬೇರೆ ಯಾರೋ ಎರಕ ಹೊಯ್ದದ್ದು. ಒಳ್ಳೆಯದೂ ಇರಬಹುದು. ಆದರೆ ಈ ಟೂ ಸ್ಟ್ರೋಕ್ ಇಂಜಿನ್ನಿಗೆ ವಾಲ್ವ್‌ಗಳಿಲ್ಲ. ಮಿಶ್ರಣ ಒಳಬರುವ, ಹೊಗೆ ಹೊರಹೋಗುವ ಪೋರ್ಟ್‌ಗಳೆಲ್ಲ ಬ್ಲಾಕಿನ ಗೋಡೆಯಲ್ಲೇ ಇವೆ. ಅವು ಒಂದೆರಡು ಮಿಲಿಮೀಟರ್ ಆಚೀಚೆಯಾದರೂ ಗಾಡಿಯ ಗುಣ ಬದಲಾಗುತ್ತದೆ. ನಿಮ್ಮ ಬ್ಲಾಕಿನ ಪೋರ್ಟ್‌ಗಳು ಸರಿಯಾಗಿದ್ದವು ಎನ್ನುವುದಕ್ಕೆ ಅಪ್ಪ ಓಡಿಸಿದ ವರ್ಷಗಳೇ ಸಾಕ್ಷಿ.

ಮೊದಲು ಅಳತೆ ಮಾಡಿಸಿ. ಕಾರ್ಖಾನೆಯಿಂದ ಬಂದಾಗಿನ ಬೋರ್ 65 ಮಿ.ಮೀ., ಸ್ಟ್ರೋಕ್ 75. ಬೋರ್ ಗೇಜ್ ಇಟ್ಟುಕೊಂಡ ಲೇತ್‌ನವರ ಹತ್ತಿರ ಹೋಗಿ, ಮೇಲೆ, ನಡುವೆ, ಕೆಳಗೆ, ಅಡ್ಡಕ್ಕೂ ಉದ್ದಕ್ಕೂ ನೋಡಿಸಿ. ಹೆಚ್ಚಿನ ಸವೆತ ರಿಂಗ್ ಮೇಲಕ್ಕೆ ಬಂದು ತಿರುಗುವ ಜಾಗದಲ್ಲಿರುತ್ತದೆ. ಅಲ್ಲಿ ಬಿಸಿ ಜಾಸ್ತಿ, ಆಯಿಲ್ ಕಡಿಮೆ. ಉಗುರು ಎಳೆದರೆ ಸಣ್ಣ ಏಣು ಕೈಗೆ ಸಿಗುತ್ತದೆ.

ಎಷ್ಟು ಸವೆದಿದೆ ಎಂದು ಗೊತ್ತಾದ ಮೇಲೆ, ಅದನ್ನು ತೆಗೆಯಲು ಸಾಲುವಷ್ಟು ಚಿಕ್ಕ ಓವರ್‌ಸೈಜ್ ಪಿಸ್ಟನ್ ಆರಿಸಿ. ಸಾಮಾನ್ಯವಾಗಿ ಇವು 0.25 ಮಿ.ಮೀ. ಹೆಜ್ಜೆಯಲ್ಲಿ ಏರುತ್ತವೆ. ಪಿಕಪ್ ಆಸೆ ಬಿಡಿ. ಬೋರ್ ಪೂರಾ ಒಂದು ಮಿಲಿಮೀಟರ್ ಹಿಗ್ಗಿಸಿದರೂ 249 ಸಿಸಿ ಸುಮಾರು 257 ಆಗುತ್ತದೆ, ಅಷ್ಟೇ. ಮುಂದೆ ಎರಡು ಸಲ ಬೋರ್ ಮಾಡಿಸುವ ಅವಕಾಶವನ್ನು ಎಂಟು ಸಿಸಿಗಾಗಿ ಕಳೆದುಕೊಳ್ಳುವುದು ದಡ್ಡತನ.

ಪಿಸ್ಟನ್ ಕೈಗೆ ಬರುವವರೆಗೆ ಬೋರ್ ಮಾಡಿಸಲೇಬೇಡಿ. ಡಬ್ಬಿಯ ಮೇಲೆ 65.50 ಎಂದು ಬರೆದಿದ್ದರೂ ಒಳಗಿನ ಪಿಸ್ಟನ್ ಕೂದಲೆಳೆಯಷ್ಟು ಹೆಚ್ಚುಕಡಿಮೆ ಇರುತ್ತದೆ. ಲೇತ್‌ನವರು ಆ ಪಿಸ್ಟನ್ನಿನ ಸ್ಕರ್ಟನ್ನು ಮೈಕ್ರೋಮೀಟರಿನಲ್ಲಿ ಅಳೆದು, ಅದಕ್ಕೆ ತಕ್ಕಂತೆ ಬೋರ್ ಕೊರೆಯಬೇಕು. ಗಾಳಿಯಿಂದಲೇ ತಣ್ಣಗಾಗುವ ಇಂಜಿನ್ನಿನಲ್ಲಿ ಈ ಕೆಲಸಕ್ಕೆ ಮಹತ್ವ ಹೆಚ್ಚು. 65 ಮಿ.ಮೀ.ನ ಅಲ್ಯೂಮಿನಿಯಂ ಪಿಸ್ಟನ್ 100 ಡಿಗ್ರಿ ಹೆಚ್ಚು ಕಾದರೆ ಸುಮಾರು 0.13 ಮಿ.ಮೀ. ಹಿಗ್ಗುತ್ತದೆ, ಸುತ್ತಲಿನ ಎರಕದ ಕಬ್ಬಿಣ ಹಿಗ್ಗುವುದು ಹೆಚ್ಚುಕಡಿಮೆ ಅದರ ಅರ್ಧ. ಪಿಸ್ಟನ್ನಿಗೂ ಗೋಡೆಗೂ ನಡುವಿನ ಸಂದು ತೀರಾ ಬಿಗಿಯಾದರೆ ಘಾಟ್ ಹತ್ತುವಾಗ ಸೀಜ್. ತೀರಾ ಸಡಿಲವಾದರೆ ಪಿಸ್ಟನ್ ಕಟಕಟ ಎನ್ನುತ್ತದೆ, ರಿಂಗ್ ಬೇಗ ಸವೆಯುತ್ತದೆ.

ಪಿಸ್ಟನ್ನನ್ನು ವ್ಯಾಸ ನೋಡಿಯಷ್ಟೇ ಕೊಳ್ಳಬೇಡಿ. ಹಳೆಯದರ ಪಕ್ಕದಲ್ಲಿಟ್ಟು ಪಿನ್ನಿನಿಂದ ತಲೆಯವರೆಗಿನ ಎತ್ತರ, ಸ್ಕರ್ಟಿನ ಉದ್ದ, ಅದರ ಕತ್ತರಿಕೆ ಹೋಲಿಸಿ. ಪೋರ್ಟ್ ತೆರೆಯುವುದೂ ಮುಚ್ಚುವುದೂ ಅದೇ ಅಂಚುಗಳು. ರಿಂಗ್ ಕೂರುವ ತೋಡಿನಲ್ಲಿ ಅದು ತಿರುಗದಂತೆ ತಡೆಯುವ ಸಣ್ಣ ಪಿನ್ ಇದೆಯೇ ಎಂದೂ ನೋಡಿ. ಅದಿಲ್ಲದಿದ್ದರೆ ರಿಂಗಿನ ತುದಿ ಪೋರ್ಟಿಗೆ ಸಿಕ್ಕಿ ಮುರಿಯುತ್ತದೆ. ಬೋರ್ ಆದ ಮೇಲೆ ಪೋರ್ಟ್‌ಗಳ ಅಂಚು ಚೂರಿಯಂತೆ ಹರಿತವಾಗಿರುತ್ತದೆ. ಅದನ್ನು ನಯ ಮಾಡಿಕೊಡಿ ಎಂದು ನೀವೇ ಬಾಯಿಬಿಟ್ಟು ಹೇಳಿ, ಎಷ್ಟೋ ಲೇತ್‌ಗಳಲ್ಲಿ ಹೇಳದೆ ಮಾಡುವುದಿಲ್ಲ. ಪಿಸ್ಟನ್ ಪಿನ್ನಿನ ಸರ್ಕ್ಲಿಪ್ ಮಾತ್ರ ಹೊಸದೇ ಇರಲಿ.

ಬ್ಲಾಕ್ ಕೊನೆಯ ಸೈಜೂ ದಾಟಿದ್ದರೆ ಸ್ಲೀವ್ ಹಾಕಿಸಬಹುದು. ಸ್ಲೀವ್ ಗಟ್ಟಿಯಾಗಿ ಕೂರಬೇಕು, ಇಲ್ಲದಿದ್ದರೆ ಬಿಸಿ ಹೊರಗಿನ ಫಿನ್‌ಗಳಿಗೆ ದಾಟುವುದಿಲ್ಲ. ಬ್ಲಾಕ್ ಬಿರುಕು ಬಿಟ್ಟಿದ್ದರೆ ಮಾತ್ರ ಕಿಟ್‌ನ ಯೋಚನೆ ಮಾಡಿ.

ಇನ್ನೊಂದು ಮಾತು, ನೀವು ಕೇಳದಿದ್ದರೂ. ಹೊಗೆ ಜಾಸ್ತಿ ಎಂಬ ಕಾರಣಕ್ಕೆ ಇಂಜಿನ್ ಬಿಚ್ಚಿಸಿದ್ದರೆ, ತಪ್ಪು ಬೋರಿನದ್ದೇ ಎಂದುಕೊಳ್ಳಬೇಡಿ. ಕ್ಲಚ್ ಕಡೆಯ ಕ್ರ್ಯಾಂಕ್ ಸೀಲ್ ಒಣಗಿದರೆ ಇಂಜಿನ್ ಅಲ್ಲಿನ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಬೋರಿಗೆ ಸಾವಿರಾರು ರೂಪಾಯಿ ಸುರಿದರೂ ಆ ಹೊಗೆ ನಿಲ್ಲದು. ಇಂಜಿನ್ ಹೇಗೂ ಬಿಚ್ಚಿದೆ, ಎರಡೂ ಕಡೆಯ ಸೀಲ್ ಈಗಲೇ ಬದಲಿಸಿಬಿಡಿ.