ಹೈಸ್ಕೂಲಿನ ಬಾಕಿ ತೀರಿಸೋದು ಹೇಗೆ?

"ನಾನು ಹೈಸ್ಕೂಲಿಂದಾನೇ ವೀಕು" ಅಂದುಕೊಂಡು ಹಿಂದಿನ ಬೆಂಚಲ್ಲಿ ಕೂತಿರೋ ಫಸ್ಟ್ ಇಯರ್ ತಮ್ಮ ತಂಗಿಯರಿಗೆ ಈ ಲೇಖನ. ಹೋದ ವರ್ಷ ನಾನೂ ಅದೇ ಬೆಂಚಲ್ಲಿದ್ದೆ.

2020ರ ಮಾರ್ಚಲ್ಲಿ ಶಾಲೆಗಳು ಮುಚ್ಚಿದವಲ್ಲ, ನನ್ನ ಒಂಬತ್ತನೇ ಕ್ಲಾಸಿನ ಬಹುಪಾಲು ಅಮ್ಮನ ಫೋನಲ್ಲೇ ಕಳೀತು. ವಿಡಿಯೋ ಆಫ್, ಮೈಕ್ ಮ್ಯೂಟ್, ಪಕ್ಕದಲ್ಲಿ ಗೇಮ್. ಹತ್ತನೇ ಕ್ಲಾಸಿಗೆ ಹೋದಾಗ ಬೋರ್ಡ್ ಮೇಲಿನದ್ದು ಅರ್ಥ ಆಗ್ತಿರಲಿಲ್ಲ, ಕೇಳೋಕೆ ನಾಚಿಕೆ. ಪಿಯುಸಿಯಲ್ಲಿ ಬಾಯಿಪಾಠ ಮಾಡಿ ಹೇಗೋ ಪಾರಾದೆ. ಇಂಜಿನಿಯರಿಂಗ್‌ನ ಮೊದಲ ಇಂಟರ್ನಲ್ಸ್‌ನಲ್ಲಿ ಮ್ಯಾಥ್ಸ್‌ಗೆ ಬಂದಿದ್ದು 25ಕ್ಕೆ 7.

ಪೇಪರ್ ನೋಡಿದ ಸೀನಿಯರ್ ಅಕ್ಕ ಒಬ್ಬರು, "ಇದ್ರಲ್ಲಿ ಇಂಜಿನಿಯರಿಂಗ್ ಎಲ್ಲೂ ತಪ್ಪಿಲ್ಲ ಕಣೋ. ತಪ್ಪಿರೋದೆಲ್ಲಾ ಹಳೇದು" ಅಂದ್ರು. ನಿಜ. ಪ್ರಶ್ನೆ ನಿಮಗೂ ಗೊತ್ತಿರುತ್ತೆ: ಆರ್ = ಎ (1 + ಕಾಸ್ ಥೀಟಾ), ಕೋನ ಫೈ ಕಂಡುಹಿಡಿಯಿರಿ. ಎರಡೂ ಕಡೆ ಲಾಗ್ ತಗೊಂಡು ಡಿಫರೆನ್ಷಿಯೇಟ್ ಮಾಡಿದ್ರೆ ಎಡಗಡೆ ಕಾಟ್ ಫೈ, ಬಲಗಡೆ ಮೈನಸ್ ಸೈನ್ ಥೀಟಾ ಬೈ (1 + ಕಾಸ್ ಥೀಟಾ). ಹೊಸ ಪಾಠ ಅಲ್ಲಿಗೇ ಮುಗೀತು! ಅಲ್ಲೀವರೆಗೆ ನಾನೂ ಸರಿಯಾಗಿ ಬರೆದಿದ್ದೆ.

ಮುಂದಿನ ಹೆಜ್ಜೆಗಳು ಫಸ್ಟ್ ಪಿಯುಸಿಯವು. ಸೈನ್ ಥೀಟಾ ಅಂದ್ರೆ 2 ಸೈನ್ (ಥೀಟಾ/2) ಕಾಸ್ (ಥೀಟಾ/2). 1 + ಕಾಸ್ ಥೀಟಾ ಅಂದ್ರೆ 2 ಕಾಸ್ ಸ್ಕ್ವೇರ್ (ಥೀಟಾ/2). ಭಾಗಿಸಿದ್ರೆ ಮೈನಸ್ ಟ್ಯಾನ್ (ಥೀಟಾ/2), ಅದು ಕಾಟ್ (90° + ಥೀಟಾ/2)ಗೆ ಸಮ. ಹಾಗಾಗಿ ಫೈ = 90° + ಥೀಟಾ/2. ನಾನು ನಿಂತಿದ್ದು ಇಲ್ಲಿ.

ಆವತ್ತು ಒಂದು ವಿಷಯ ಗೊತ್ತಾಯ್ತು. ಇಲ್ಲಿ ಮಾರ್ಕ್ಸ್ ಸೊನ್ನೆಯಿಂದ ಶುರುವಾಗುತ್ತೆ, ಪಾಠ ಮಾತ್ರ ನಾವು ಬಿಟ್ಟಿದ್ದ ಜಾಗದಿಂದಲೇ. "ಇನ್ನೂ ಜಾಸ್ತಿ ಓದ್ತೀನಿ" ಅಂತ ಅದೇ ನೋಟ್ಸನ್ನ ಹತ್ತು ಸಲ ಓದಿದ್ರೆ ಪ್ರಯೋಜನ ಇಲ್ಲ. ನನಗೆ ಕೆಲಸಕ್ಕೆ ಬಂದಿದ್ದು ಈ ಮೂರು.

1. ತಪ್ಪು ಯಾವ ಕ್ಲಾಸಿನದ್ದು ನೋಡಿ
ಇಂಟರ್ನಲ್ಸ್ ಪೇಪರಲ್ಲಿ ಕಳೆದುಕೊಂಡ ಪ್ರತಿ ಮಾರ್ಕ್ ಪಕ್ಕ, ಆ ಹೆಜ್ಜೆ ಯಾವ ಕ್ಲಾಸಿನದ್ದು ಅಂತ ಬರೀರಿ. ನಾನು ಕಳೆದುಕೊಂಡ 18ರಲ್ಲಿ 11 ಹಳೇ ಬಾಕಿ.

2. ಆ ಅಧ್ಯಾಯ ಮಾತ್ರ ಓದಿ
ಪೂರ್ತಿ ಪಿಯುಸಿ ಮತ್ತೆ ಓದಬೇಕಿಲ್ಲ. ಟ್ರಿಗ್ನಾಮೆಟ್ರಿ ಅಂದ್ರೆ ಅದೊಂದೇ. ದಿನಕ್ಕೆ ಅರ್ಧ ಗಂಟೆ, ಮೂರು ವಾರ ಸಾಕಾಯ್ತು ನನಗೆ.

3. ಪುಸ್ತಕ ಮುಚ್ಚಿ ಬರೀರಿ
ಅಮೆರಿಕದ ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗ ಮಾಡಿದ್ರು. ಕೆಲವರು ಪಾಠವನ್ನ ಮತ್ತೆ ಓದಿದ್ರು, ಕೆಲವರು ಓದಿದ್ದನ್ನ ನೆನಪಿಂದ ಬರೆದ್ರು. ಐದು ನಿಮಿಷದ ನಂತರ ಮತ್ತೆ ಓದಿದವರೇ ಮುಂದಿದ್ರು. ಒಂದು ವಾರದ ನಂತರ ನೋಡಿದ್ರೆ ಉಲ್ಟಾ: ಬರೆದವರು ಮುಂದೆ! ಓದಿದ ತಕ್ಷಣ "ಎಲ್ಲಾ ಬಂತು" ಅನ್ಸೋದು ಮೋಸ. ನಾನು ಹೆಬ್ಬಾಳದ ಜಾಮಲ್ಲಿ ಬಸ್ ನಿಂತಾಗ ಫಾರ್ಮುಲಾಗಳನ್ನ ನೋಡದೆ ಬರೀತಿದ್ದೆ. ಯಲಹಂಕ ಬರೋಷ್ಟರಲ್ಲಿ ಒಂದು ಪುಟ ಆಗೋದು.

ಇನ್ನು ಲೆಕ್ಕ. ನಮ್ಮ ವಿಟಿಯು 2022 ಸ್ಕೀಮಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್, ಫಸ್ಟ್ ಸೆಮ್‌ಗೆ 20. ಫಸ್ಟ್ ಸೆಮ್ ಎಸ್‌ಜಿಪಿಎ 6 ಬಂತು, ಉಳಿದ 140 ಕ್ರೆಡಿಟ್‌ಗೆ 8 ಬಂತು ಅಂದುಕೊಳ್ಳಿ. (20×6 + 140×8) ಭಾಗಿಸು 160 = 7.75. ಒಂದು ಕೆಟ್ಟ ಸೆಮ್ ಕಿತ್ತುಕೊಂಡಿದ್ದು ಬರೀ 0.25. ಆದ್ರೆ ಇಂಟರ್ನಲ್ಸ್ ಬಗ್ಗೆ ಹುಷಾರು: 50ಕ್ಕೆ 20 ಇಲ್ಲದಿದ್ರೆ ಆ ಸಬ್ಜೆಕ್ಟಿನ ಸೆಮ್ ಎಕ್ಸಾಮ್‌ಗೆ ಕೂರೋ ಹಾಗಿಲ್ಲ.

ಸುಳ್ಳು ಭರವಸೆ ಕೊಡಲ್ಲ. ಪ್ಲೇಸ್‌ಮೆಂಟ್‌ಗೆ ಬರೋ ಕೆಲವು ಕಂಪನಿಗಳು ಹತ್ತನೇ ಕ್ಲಾಸ್ ಮತ್ತು ಪಿಯುಸಿಯಲ್ಲೂ 60% ಕೇಳ್ತಾವೆ. ಆ ಮಾರ್ಕ್ಸ್ ಕಾರ್ಡ್ ಬದಲಾಗಲ್ಲ, ಅಂಥ ಕೆಲವು ಬಾಗಿಲು ಮುಚ್ಚಿರಬಹುದು. ಆದ್ರೆ ಆ ಮಾರ್ಕ್ಸ್ ಕೇಳದೆ, ಕೋಡ್ ಬರೆಸಿ ನೋಡೋ ಕಂಪನಿಗಳೂ ಇವೆ.

ನನಗೆ ಎರಡನೇ ಇಂಟರ್ನಲ್ಸ್‌ನಲ್ಲಿ 25ಕ್ಕೆ 15 ಬಂತು. ಸೆಕೆಂಡ್ ಸೆಮ್ ಮ್ಯಾಥ್ಸ್‌ನಲ್ಲಿ ಎ ಗ್ರೇಡ್. ಟಾಪರ್ ಏನಲ್ಲ, ಆದ್ರೆ ಈಗ ಕ್ಲಾಸಲ್ಲಿ ಕೈ ಎತ್ತಿ ಡೌಟ್ ಕೇಳ್ತೀನಿ. ಒಂಬತ್ತನೇ ಕ್ಲಾಸಲ್ಲೇ ಮಾಡಬೇಕಿದ್ದ ಕೆಲಸ ಅದು.

ಸಂಜೆ ಲೈಬ್ರರಿಯಲ್ಲಿ ಇರ್ತೀನಿ, ಪೇಪರ್ ತಗೊಂಡು ಬನ್ನಿ. ನನ್ನ ಫಸ್ಟ್ ಪಿಯುಸಿ ಪುಸ್ತಕ ಇನ್ನೂ ಬ್ಯಾಗಲ್ಲೇ ಇದೆ.