ಬೆಲ್ಲದ ಬಣ್ಣದ ಪ್ಲಗ್

ತಮ್ಮಾ, ಹಳೇ ಯೆಜ್ಡಿ ತಂದು ಅಂಗಳದಾಗ ನಿಲ್ಲಿಸಿದಿ, ನೋಡಿ ಸಂತೋಷ ಆತು. ಆದ್ರ ಕೈಯಾಗ ಹ್ಯಾಕ್ಸಾ ಹಿಡಕೊಂಡು ಸೈಲೆನ್ಸರ್ ಮುಂದ ಕುಂತಿದ್ದಿ. ಅದನ್ನ ಮೊದಲು ಕೆಳಗಿಡು, ಆಮ್ಯಾಲ ಮಾತಾಡೂಣು.

ನನಗ ಈ ಹುಚ್ಚು ಹಿಡಿದದ್ದು ಮಗ್ಗದಿಂದ. ರಬಕವಿಯ ನಮ್ಮ ಮನ್ಯಾಗ ನಾಕು ಪವರ್‌ಲೂಮ್ ಇದ್ದವು. ಅಪ್ಪ ಹೊರಗ ಕಟ್ಟಿ ಮ್ಯಾಲ ಚಾ ಕುಡಕೋತ, "ಮೂರನೇದ್ರ ಸಪ್ಪಳ ಬ್ಯಾರೆ ಆಗೇತಿ, ಲಾಳಿ ನೋಡ್ರಿ" ಅಂತಿದ್ದ. ಒಳಗ ಹೋಗಿ ನೋಡಿದ್ರ ಖರೇನ ಇರತಿತ್ತು. ಒಂದಿನ ಮುಧೋಳ ಕಡೆಯ ಕಬ್ಬಿನ ರೈತರೊಬ್ರು ಜಾವಾ ತಗೊಂಡು ನಮ್ಮ ಓಣ್ಯಾಗ ಬಂದ್ರು. ಮಗ್ಗದ ಖಟಖಟ ನಡುವ ಆ ಡುಬುಡುಬು ಕೇಳಿದವನ, ಉಣ್ಣೂ ತಾಟು ಬಿಟ್ಟು ಓಡಿದೆ. ಅವರು ಗೇರಿನ ಲಿವರ್ ಒಳಗ ಒತ್ತಿ, ಮ್ಯಾಲ ತಿರುವಿ, ಅದನ್ನ ಕಿಕ್ ಮಾಡಿ ತುಳಿದ್ರು. ಒಂದ ಕಡ್ಡಿಗೆ ಎರಡು ಕೆಲಸ! ನನಗ ಅದು ಗಾರುಡಿ ಆಟ ಕಂಡಂಗ ಕಂಡಿತು.

ಗಾಡಿ ನಮ್ಮ ನಾಡಿಂದ. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನ್ಯಾಗ 1961ರಿಂದ ತಯಾರಾತು, 1973ರಾಗ ಹೆಸರು ಯೆಜ್ಡಿ ಆತು, 1996ಕ್ಕ ಬಾಗಲಾ ಹಾಕಿತು. ನಿಮ್ಮ ಹುಡುಗರೆಲ್ಲಾ ಜೀವ ಬಿಡೂ 98 ಸಿಸಿಯ ಆರ್‌ಎಕ್ಸ್ 100 ನಿಂತದ್ದೂ ಅದೇ ವರ್ಷ.

ಈಗ ಸೈಲೆನ್ಸರ್ ಮಾತು. ಟು-ಸ್ಟ್ರೋಕಿನಾಗ ಅದು ಬರೇ ಹೊಗಿ ಹೋಗೂ ಕೊಳವಿ ಅಲ್ಲ. ಹೊಗಿ ಹೊರಗ ಹೋಗೂ ಮುಂದ ಒಂದಿಷ್ಟು ಹೊಸಾ ಪೆಟ್ರೋಲೂ ಅದರ ಬೆನ್ನ ಹತ್ತಿ ಜಾರತೈತಿ. ಬಾವ್ಯಾಗ ಕೂಗಿದ ದನಿ ತಿರುಗಿ ಬಂದಂಗ, ಸೈಲೆನ್ಸರ್ ಒಳಗಿಂದ ಒಂದು ಒತ್ತಡದ ಅಲಿ ತಿರುಗಿ ಬಂದು, ಜಾರಿದ್ದನ್ನ ಮತ್ತ ಒಳಗ ತಳ್ಳತೈತಿ. ಪೂರ್ವ ಜರ್ಮನಿಯ ಎಂಝಡ್ ಕಾರ್ಖಾನ್ಯಾಗ ವಾಲ್ಟರ್ ಕಾಡೆನ್ ಅನ್ನೂ ಎಂಜಿನಿಯರ್ ಈ ಅಲಿಯನ್ನ ಪಳಗಿಸಿದ. ಅವನ ಸವಾರ ಅರ್ನ್‌ಸ್ಟ್ ಡೆಗ್ನರ್ 1961ರಾಗ ದೇಶ ಬಿಟ್ಟು ಓಡಿ, ಆ ಗುಟ್ಟು ಸುಝುಕಿಗೆ ಒಯ್ದ. ಮರುವರ್ಷನ 50 ಸಿಸಿ ಜಾಗತಿಕ ಪಟ್ಟ ಗೆದ್ದ. ಇಂಥಾ ಕೊಳವಿಯನ್ನ ನೀ ಬರೇ ಸಪ್ಪಳಕ್ಕಂತ ಕೊಯ್ತೀನಿ ಅಂತೀ.

ನಾನೂ ಕೊಯ್ದಾವನ. 1989, ಚಿಕ್ಕಪಡಸಲಗಿಯಾಗ ರೈತರು ತಾವ ದುಡಿದು ಕೃಷ್ಣಾಕ್ಕ ಬ್ಯಾರೇಜ್ ಕಟ್ಟಿದ ವರ್ಷ. ಅದನ್ನ ನೋಡಾಕ ಜಮಖಂಡಿಯಿಂದ ಹೊಂಟಿದ್ದೆ. ಸೈಲೆನ್ಸರಿನ ಜಾಳಗಿ ತಗದಿದ್ದೆ, ಏರ್ ಫಿಲ್ಟರೂ ಬಿಚ್ಚಿಟ್ಟಿದ್ದೆ, ಕಾರ್ಬೊರೇಟರಿನ ಜೆಟ್ ಮಾತ್ರ ಮುಟ್ಟಿರಲಿಲ್ಲ. ಗಾಳಿ ಹೆಚ್ಚಾತು, ಪೆಟ್ರೋಲ್ ಕಮ್ಮಿ ಬಿತ್ತು. ಆಯಿಲ್ ಪೆಟ್ರೋಲಿನಾಗ ಕಲಿಸಿದ್ದು, ಹಿಂಗಾಗಿ ಅದೂ ಕಮ್ಮಿ ಬಿತ್ತು. ಊರು ಸಮೀಪ ಬಂದಾಗ ದನಿ ಒಮ್ಮಿಗೇ ತೆಳ್ಳಗಾತು. ಅಪ್ಪ ಇದ್ದಿದ್ರ ಅಲ್ಲೇ ನಿಲ್ಲಸು ಅಂತಿದ್ದ. ನಾ ಮತ್ತೀಟು ರೇಸ್ ಮಾಡಿದೆ. ಪಿಸ್ಟನ್ ಹಿಡದು, ಹಿಂದಿನ ಗಾಲಿ ಲಾಕ್ ಆಗಿ, ಗಾಡಿ ಅಡ್ಡ ಬಿತ್ತು. ಮೊಣಕಾಲಿನ ಕಲಿ ಇನ್ನೂ ಐತಿ. ಪ್ಲಗ್ ಬಿಚ್ಚಿ ನೋಡಿದ್ರ ಸುಣ್ಣದಂಗ ಬೆಳ್ಳಗ.

ಅದಕ್ಕ, ಪ್ಲಗ್ ಓದಾಕ ಕಲಿ. ಕರ್ರಗ ಹಸಿ ಇದ್ರ ಪೆಟ್ರೋಲೋ ಆಯಿಲೋ ಹೆಚ್ಚಾಗೇತಿ, ಬೆಳ್ಳಗಿದ್ರ ಎಂಜಿನ್ ಬ್ಯಾನಿ ಪಡಾಕತ್ತೇತಿ. ನಮ್ಮ ಗಾಣದ ಮನಿಯ ಹೊಸಾ ಬೆಲ್ಲದ ಬಣ್ಣ ಬಂತಂದ್ರ ಸರಿ. ಲೀಟರಿಗೆ ನಾ 40 ಎಂಎಲ್ ಆಯಿಲ್ ಹಾಕ್ತೀನಿ. ಹೊಗಿ ಬರತೈತಿ ಅಂತ ಗೆಳ್ಯಾರು ನಗಲಿ ಬಿಡು. ಬೀಳಗಿ ಕಡೆ ಉದ್ದನ್ನ ಇಳಿಜಾರು ಸಿಕ್ರ ಎಕ್ಸಲೇಟರ್ ಪೂರ್ತಿ ಬಿಟ್ಟು ಇಳೀಬ್ಯಾಡ, ಆಗ ಪಿಸ್ಟನ್ನಿಗೆ ಆಯಿಲ್ ಸಿಗೂದಿಲ್ಲ. ಕ್ಲಚ್ ಒತ್ತಿ ನಡುನಡುವ ಒಂದೊಂದ್ಸಲ ರೇಸ್ ಕೊಡು. ಎರಡು ಬೆರಳು ಯಾವಾಗಲೂ ಕ್ಲಚ್ ಮ್ಯಾಲ ಇರಲಿ, ಹಿಡದ್ರ ಅವ ನಿನ್ನ ಉಳಸಾವು.

ಆಯಿತವಾರ ಬಾ. ಪ್ಲಗ್ ಪಾನಾ ತಾ, ಹಳೇ ಧೋತರದ ಅರಬಿ ನನ್ನ ಹತ್ರ ಐತಿ. ಹ್ಯಾಕ್ಸಾ ನಿಮ್ಮವ್ವನ ಕೈಯಾಗ ಕೊಟ್ಟು ಬಾ.